ಋತುವಿಗೆ ಹನ್ನೆರಡು ಹೂವು

ಮೊನ್ನೆ ಅಡಿಗೆಮನೆಯಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಬಡಿದ ಹುಳಿ ವಾಸನೆ ನನ್ನನ್ನು ಅಲ್ಲೇ ನಿಲ್ಲಿಸಿಬಿಟ್ಟಿತು. ಅದು ಸ್ಟುಡಿಯೋದಿಂದ ಆಗಷ್ಟೇ ಬಂದ ಫೋಟೋಗಳ ವಾಸನೆ. ಈಗಿನ ಮಕ್ಕಳಿಗೆ ಅದು ಗೊತ್ತಿರಲಾರದು. ನನ್ನ ಓರಗೆಯವರಾದ ನಿಮಗೆ ನೆನಪಿರಬಹುದು. ತೆಳು ಹಳದಿ ಲಕೋಟೆ, ಒಳಗೆ ಒಂದಕ್ಕೊಂದು ಅಂಟಿಕೊಂಡ ಕಪ್ಪು ಬಿಳುಪು ಚಿತ್ರಗಳು, ಬಿಡಿಸುವಾಗ ಕೇಳುವ ಸಣ್ಣ ಚರಚರ. ಆ ವಾಸನೆಯ ಬೆನ್ನಿಗೇ ಪೆಂಡುರ್ತಿಯ ಮನೆ ಬಂದು ಕಣ್ಣೆದುರು ನಿಂತಿತು. ಎಂಬತ್ತರ ದಶಕದ ನಡುವೆ ಅಪ್ಪನಿಗೆ ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾವು ಬಾಡಿಗೆಗೆ ಹಿಡಿದ ಮನೆ ಅದು. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಊರೊಳಗೆ ಮನೆ ಸಿಕ್ಕಿದ್ದರೂ ಅವ್ವ ಒಪ್ಪಿರಲಿಲ್ಲ; ನೆಲ ಇರುವ ಮನೆಯೇ ಬೇಕು ಎಂದಿದ್ದಳು. ಪೆಂಡುರ್ತಿಯಲ್ಲಿ ಆಗ ಮನೆಗಳಿಗಿಂತ ಖಾಲಿ ಜಾಗ ಹೆಚ್ಚು. ದೂರದಲ್ಲಿ ಸಿಂಹಾಚಲದ ಗುಡ್ಡ, ಅಂಗಳದಲ್ಲಿ ಕೆಂಪು ಮಣ್ಣು, ಮುಟ್ಟಿದ್ದಕ್ಕೆಲ್ಲ ಅಂಟುವ ಬೆವರು ಗಾಳಿ. ಮನೆಯವರ ಬಾಯಲ್ಲಿ ಶಾಲಿಯಾದ ನಾನು, ಅಪ್ಪ, ಅವ್ವ, ಮತ್ತು ಅಜ್ಜ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದ ಅಪ್ಪನ ತಾಯಿ, ನನ್ನ ಅಜ್ಜಿ. ನಾಲ್ಕೇ ಜನ. ಆ ನಾಲ್ಕೂ ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಕಾಯ್ದ ಕಾಲವೊಂದಿತ್ತು. ಅದನ್ನು ಹೇಳಬೇಕು ಅನ್ನಿಸಿತು.

ಅವ್ವನ ಬಳಿ ಒಂದು ಡಬ್ಬಿ ಕ್ಯಾಮೆರಾ ಇತ್ತು. ಸೊಂಟದ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಿ ಒತ್ತುವಂಥದು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಅವ್ವ ಆ ಹನ್ನೆರಡನ್ನು ಒಂದು ಇಡೀ ಋತುವಿಗೆ ಹಂಚುತ್ತಿದ್ದಳು. ಬೇಸಿಗೆಯಲ್ಲಿ ಮಲ್ಲಿಗೆ, ಮಳೆ ಹಿಡಿದ ಮೇಲೆ ದಾಸವಾಳ, ಬೇಲಿಗೆ ಹಬ್ಬಿದ ಶಂಖಪುಷ್ಪ, ದೀಪಾವಳಿಯ ಹೊತ್ತಿಗೆ ಚೆಂಡು ಹೂ, ಸಂಕ್ರಾಂತಿಗೆ ಸೇವಂತಿಗೆ. ಸಮುದ್ರದ ಕಡೆಯಿಂದ ತುಫಾನು ಬಂದು ಗಿಡಗಳನ್ನೆಲ್ಲ ಮಲಗಿಸಿ ಹೋದ ವರ್ಷ ಆಕೆ ಮುರಿದ ಕೊಂಬೆಯನ್ನೂ ಬಿಡದೆ ತೆಗೆದಿದ್ದಳು. ಮುಂಜಾನೆ ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ ಅಂಗಳಕ್ಕಿಳಿಯುವಳು. ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಸಿಲು ಸರಿಯುವುದನ್ನು ಕಾಯುತ್ತ, ಉಸಿರು ಬಿಗಿಹಿಡಿದು, ಟಕ್ ಅನ್ನಿಸಿ, ತಟ್ಟನೆ ಎದ್ದು ಕ್ಯಾಮೆರಾವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವಳು. ಹೂವಿನ ಫೋಟೋ ತೆಗೆಯುವವರು ಹಾಗೆ ಮುಚ್ಚಿಕೊಳ್ಳುವುದೇಕೆ? ಹತ್ತು ವರ್ಷದ ನನಗೂ ಆ ಪ್ರಶ್ನೆ ಹುಟ್ಟಿತ್ತು.

ನನಗಷ್ಟೇ ಅಲ್ಲ. ಎದುರು ಮನೆಯ ನಿವೃತ್ತ ಮೇಷ್ಟ್ರು ಒಂದು ದಿನ ಬೇಲಿಯ ಬಳಿ ಬಂದು, "ಇದಿ ನೇವೀ ಊರಮ್ಮಾ, ಕೆಮೆರಾ ಬಯಟಿಕಿ ತೀಯಕಂಡಿ" ಎಂದರು. ನೌಕಾಪಡೆಯ ಊರು, ಕ್ಯಾಮೆರಾ ಹೊರಗೆ ತೆಗೀಬೇಡಿ ಅಂತ. ಬಂದರು ಇರುವುದು ಎಷ್ಟೋ ಮೈಲಿಯಾಚೆ. ನಮ್ಮ ಅಂಗಳದಿಂದ ಕಾಣುತ್ತಿದ್ದದ್ದು ಅವರ ಮನೆಯ ದನದ ಕೊಟ್ಟಿಗೆ ಮಾತ್ರ. ಆದರೂ ಅವತ್ತಿನಿಂದ ಅವರು ವರಾಂಡದಲ್ಲಿ ಪೇಪರು ಹಿಡಿದು ಕೂತಾಗ, ಹಾಳೆಯ ಮೇಲಿನಿಂದ ಒಂದು ಜೋಡಿ ಕನ್ನಡಕ ನಮ್ಮ ಅಂಗಳದತ್ತ ತಿರುಗಿರುತ್ತಿತ್ತು. ಅಪ್ಪ ನಕ್ಕು ಸುಮ್ಮನಾದರು. ಅಜ್ಜಿ ನಗಲಿಲ್ಲ. ಆಕೆಗೆ ಬಂದಿದ್ದ ಸಂಶಯವೇ ಬೇರೆ. ತೊಳೆದು ಬಂದ ಆ ಫೋಟೋಗಳು ಎರಡು ದಿನದಲ್ಲಿ ಮನೆಯಿಂದ ಮಾಯವಾಗುತ್ತವೆ, ಒಂದೂ ಆಲ್ಬಮ್ಮಿಗೆ ಸೇರುವುದಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಅಜ್ಜಿ. ಅವು ಮಾಯವಾದ ಕೆಲವು ವಾರಗಳ ಮೇಲೆ, ಅಪ್ಪ ಬ್ಯಾಂಕಿನಲ್ಲಿರುವ ಹೊತ್ತಿಗೆ, ಅಂಚೆಯವನು ಅವ್ವನ ಕೈಗೇ ಒಂದು ಕವರು ಕೊಟ್ಟು ಹೋಗುತ್ತಾನೆ ಎಂಬುದನ್ನೂ.

ಆ ಕವರಿನಲ್ಲಿ ಪತ್ರ ಇರುತ್ತಿರಲಿಲ್ಲ. ಬೀಜ ಇರುತ್ತಿತ್ತು. ಕಾಗದದಲ್ಲಿ ಸುತ್ತಿದ ಬೀಜ, ಒಮ್ಮೆ ಎಳ್ಳಿನಷ್ಟು ಸಣ್ಣವು, ಒಮ್ಮೆ ಮೆಣಸಿನಕಾಳಿನಂಥ ಕಪ್ಪು ಗುಂಡುಗಳು. ಒಂದು ಮಧ್ಯಾಹ್ನ ನೆಲದ ಮೇಲೆ ಉರುಳಿ ಬಿದ್ದಿದ್ದ ಅಂಥ ಎರಡು ಕಾಳನ್ನು ಅಜ್ಜಿ ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಇವ್ನ ಯಾರು ಕಳಸ್ಯಾರ ನಿಮ್ಮವ್ವಗ?"

"ಸಂಜೀಮಲ್ಲಿಗಿ ಬೀಜಂತ."

"ಈ ಊರಾಗ ಬೀಜ ಸಿಗೂದಿಲ್ಲೇನು? ಟಪಾಲದಾಗ ಯಾಕ ಬರಬೇಕು? ಮಂತ್ರಿಸಿದ ಕಾಳೂ ಹೀಂಗ ಇರ್ತಾವ."

ಅವು ಮಂತ್ರಿಸಿದ ಕಾಳಲ್ಲ, ಮೊಳಕೆಯೊಡೆದು ಗಿಡವಾಗಿ, ಸಂಜೆ ನಾಲ್ಕು ದಾಟುತ್ತಲೇ ಅರಳಿ ಇಡೀ ಅಂಗಳಕ್ಕೆ ಪರಿಮಳ ಹರಡಿದವು. ಅವ್ವ ಅವುಗಳ ಚಿತ್ರವನ್ನೂ ತೆಗೆದಳು. ಅದೂ ಮಾಯವಾಯಿತು. ಅಜ್ಜಿ ತುಳಸಿಯ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚತೊಡಗಿದಳು.

ಗುಟ್ಟಿನ ಬಾಗಿಲು ನನಗೆ ತೆರೆದದ್ದು ತೆಲುಗಿನಿಂದ. ನಾನು ಓದುತ್ತಿದ್ದ ಶಾಲೆಯಲ್ಲಿ ತೆಲುಗು ಕಡ್ಡಾಯ. ಎರಡು ವರ್ಷದಲ್ಲಿ ಕನ್ನಡಕ್ಕಿಂತ ಅದೇ ನನಗೆ ಸಲೀಸಾಗಿತ್ತು. ಕನ್ನಡಕ್ಕೆ ಎಷ್ಟೇ ಹತ್ತಿರವಿದ್ದರೂ ಅಪ್ಪನಿಗೂ ಅಜ್ಜಿಗೂ ಆ ಲಿಪಿಯನ್ನು ಸಲೀಸಾಗಿ ಓದಲು ಬರುತ್ತಿರಲಿಲ್ಲ. ಅವ್ವ ನನ್ನ ಪಾಟಿಯನ್ನು ನೋಡಿ ನೋಡಿ ಸದ್ದಿಲ್ಲದೆ ಕಲಿತಿದ್ದಳು. ಒಂದು ಶನಿವಾರ ಅಂಚೆಪೆಟ್ಟಿಗೆಯ ಬಾಯಿ ಆಕೆಯ ಕೈಗೆ ಎಟುಕದಂತೆ ಮುಂದೆ ಸೈಕಲ್ ನಿಂತಿತ್ತು. "ನೀ ಹಾಕು" ಎಂದು ಕವರನ್ನು ನನ್ನ ಕೈಗೆ ಕೊಟ್ಟಳು. ಸೈಕಲ್ಲಿನ ಸಂದಿಯಲ್ಲಿ ತೂರಿ ಹೋಗಿ ಹಾಕುವ ಮುನ್ನ ನಾನು ವಿಳಾಸ ಓದಿದೆ. ಅವ್ವನ ಅಂಕುಡೊಂಕು ತೆಲುಗು ಅಕ್ಷರಗಳು. ಸಾಂಬಶಿವರಾವ್, ಒಂದು ಶೆಡ್ಡಿನ ನಂಬರು, ಆಟೋನಗರ್, ವಿಜಯವಾಡ. ಗಂಡಸಿನ ಹೆಸರು. ನಾನು ಏನೂ ಓದದವಳಂತೆ ಬಂದು ಅವ್ವನ ಕೈ ಹಿಡಿದೆ. ಅವ್ವನೂ ನಾನು ಓದಿರಲಾರೆ ಎಂಬಂತೆ ನಡೆದಳು.

ಅದು ಹೊಟ್ಟೆಯೊಳಗೆ ನಿಲ್ಲಲಿಲ್ಲ. ಅಜ್ಜಿಗೆ ಹೇಳಿದೆ. ಅಜ್ಜಿ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಆಕೆ ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ನನ್ನ ಬಾಯಿಯ ಮೇಲೆ ತನ್ನ ಕೈಯಿಟ್ಟಳು. ಬೆರಳುಗಳಿಗೆ ಹಸಿ ಸಿಪ್ಪೆಯ ವಾಸನೆ ಇತ್ತು.

"ನಿಮ್ಮಪ್ಪಗ ಹೇಳಬ್ಯಾಡ. ತಿಳೀತಿಲ್ಲೋ? ಒಂದು ಮಾತು ಆಡಬ್ಯಾಡ. ಏನದ ಅಂಬೂದು ಮೊದಲ ನಮಗ ಗೊತ್ತಾಗ್ಲಿ."

ಆಗಲಿ ಎಂದೆ. ಹೇಳದೆಯೂ ಇರುತ್ತಿದ್ದೆನೇನೋ, ನನ್ನ ಹನ್ನೊಂದನೇ ಹುಟ್ಟುಹಬ್ಬ ಬರದಿದ್ದರೆ. ಹೊಸ ಫ್ರಾಕು ತೊಟ್ಟು ಅವ್ವನ ಮುಂದೆ ನಿಂತು, ನನ್ನದೊಂದು ಫೋಟೋ ತೆಗೆ ಎಂದೆ. ನಾವು ಪೆಂಡುರ್ತಿಗೆ ಬಂದ ಮೇಲೆ ಆಕೆ ನನ್ನದೊಂದು ಫೋಟೋವನ್ನೂ ತೆಗೆದಿರಲಿಲ್ಲ. "ಒಂದ ಉಳದದ, ಶಾಲಿ. ಸೇವಂತಿಗಿ ನಾಳೆ ಅರಳ್ತದ, ಅದಕ್ಕ ಬೇಕು" ಎಂದಳು. ಅಂದರೆ ನನಗಿಂತ ಸೇವಂತಿಗೆ ಹೆಚ್ಚು. ನನಗಿಂತ ಆ ಸಾಂಬಶಿವರಾವ್ ಹೆಚ್ಚು. ಸಂಜೆ ಅಪ್ಪ ಬಂದು ಶೂ ಬಿಚ್ಚುತ್ತಿದ್ದಾಗ ಹೋಗಿ ಎದುರು ನಿಂತು, "ಅವ್ವ ವಿಜಯವಾಡದಾಗ ಒಬ್ಬರಿಗೆ ಫೋಟೋ ಕಳಸ್ತಾಳ. ಅವ್ರ ಹೆಸರು ನನಗ ಗೊತ್ತದ" ಎಂದೆ. ಅಪ್ಪನ ಕೈ ಶೂ ದಾರದ ಮೇಲೆ ಹಾಗೇ ನಿಂತಿತು. ಹೆಸರು ಕೇಳಿದರು. ಹೇಳಿದೆ. "ಯಾವಾಗಿಂದ?" ಅಂದರು. ಅದು ಗೊತ್ತಿಲ್ಲ ಅಂದೆ. ಆಮೇಲೆ ಅವರು ಬಹಳ ನಿಧಾನವಾಗಿ ಎರಡನೇ ಶೂ ಬಿಚ್ಚಿದರು.

ಅಪ್ಪ ಗಟ್ಟಿ ದನಿಯ ಮನುಷ್ಯರಲ್ಲ. ಅವ್ವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಬದಲಿಗೆ ಮಧ್ಯಾಹ್ನದ ಹೊತ್ತು ಕನ್ನಡಕ ಮರೆತೆ ಎಂದು ಬ್ಯಾಂಕಿನಿಂದ ಮನೆಗೆ ಬರತೊಡಗಿದರು. ಊಟಕ್ಕೆ ಕೂತಾಗ ಅವ್ವನ ಮುಖ ನೋಡುವರು, ಅವ್ವ ತಲೆಯೆತ್ತಿದರೆ ತಟ್ಟೆ ನೋಡುವರು. ಅಂಗಳದಲ್ಲಿ ಸೇವಂತಿಗೆ ಬುಟ್ಟಿಗಟ್ಟಲೆ ಅರಳಿತ್ತು; ಅಪ್ಪ ಅದರ ಪಕ್ಕದಿಂದಲೇ ಅದನ್ನು ನೋಡದೆ ಹೋಗುವರು. ಅಜ್ಜಿ ಮೂರು ದಿನ ಮಗನನ್ನು ನೋಡಿ, ನಾಲ್ಕನೇ ದಿನ ನನ್ನನ್ನು ನೋಡಿದಳು. ಆಕೆಗೆ ಗೊತ್ತಾಗಿಹೋಯಿತು. ಬಯ್ಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಸಂಕ್ರಾಂತಿ ರಜೆಯಲ್ಲಿ ಅಪ್ಪ, ಬ್ಯಾಂಕಿನ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಬೇಕಾಗಿದೆ, ಶಾಲಿಗೆ ಕೃಷ್ಣಾ ನದಿ ತೋರಿಸಿಕೊಂಡು ಬರುತ್ತೇನೆ ಎಂದರು. ವಿಜಯವಾಡ ಎಂಬ ಹೆಸರು ಕೇಳಿ ಅವ್ವ ತುಂಬಿದ ಲೋಟಕ್ಕೇ ಮತ್ತೆ ನೀರು ಸುರಿದಳು. ಅದನ್ನು ನಾನೂ ಕಂಡೆ, ಅಪ್ಪನೂ ಕಂಡರು. ನನ್ನನ್ನು ಕರೆದೊಯ್ದದ್ದು ಬೋರ್ಡು ಓದಲಿಕ್ಕೆ. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮುಂಜಾನೆಯ ರೈಲಿನಲ್ಲಿ ಕಿಟಕಿಗೆ ಕೂತ ಅಪ್ಪ ಗೋದಾವರಿ ಬಂದಾಗಲೂ ತಲೆಯೆತ್ತಲಿಲ್ಲ.

ಆಟೋನಗರದಲ್ಲಿ ಕಿವಿ ಗಡಚಿಕ್ಕುವ ಸದ್ದು. ಲಾರಿಗಳ ಹೊಟ್ಟೆಯ ಕೆಳಗಿನಿಂದ ಕಾಲುಗಳು ಹೊರಚಾಚಿದ್ದವು. ವೆಲ್ಡಿಂಗಿನ ನೀಲಿ ಬೆಳಕು ಇದ್ದಕ್ಕಿದ್ದಂತೆ ಮಿಂಚಿ ಕಣ್ಣು ಕತ್ತಲೆಗಟ್ಟಿಸುತ್ತಿತ್ತು, ಹೊಸ ಪೇಂಟಿನ ವಾಸನೆಗೆ ಗಂಟಲು ಕೆರೆಯುತ್ತಿತ್ತು. ನಾನು ಒಂದೊಂದೇ ಬೋರ್ಡು ಓದುತ್ತ ಹೋದೆ. ಆ ಶೆಡ್ಡು ಸಿಕ್ಕಾಗ ಬಾಗಿಲಲ್ಲೇ ಅಪ್ಪ ಅಂಗಿಯ ಕಾಲರು ಸರಿ ಮಾಡಿಕೊಂಡರು. ಒಳಗೆ ಲೇತಿನ ಯಂತ್ರದ ಮುಂದೆ ನಿಂತಿದ್ದ ನರೆಗೂದಲ ಮನುಷ್ಯ, ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಎವರು ಕಾವಾಲಂಡಿ?" ಎಂದ. ಯಾರು ಬೇಕು ಎಂಬ ಆ ಪ್ರಶ್ನೆಗೆ ಅಪ್ಪನ ಬಾಯಿಂದ ಉತ್ತರ ಹೊರಡುವ ಮೊದಲೇ ಅವನ ಕಣ್ಣು ನನ್ನ ಮೇಲೆ ಬಿತ್ತು. ಮುಖವೆಲ್ಲ ಅರಳಿತು. "ಪೂಲ ಪಾಪ ಕದೂ ನುವ್ವು!" ಎಂದ. ಹೂವಿನ ಪಾಪು ಅಲ್ಲವೇ ನೀನು! ಜೀವಮಾನದಲ್ಲಿ ನೋಡದ ಮನುಷ್ಯನಿಗೆ ನನ್ನ ಗುರುತು ಹೇಗೆ ಹತ್ತಿತು ಎಂದು ನಾನು ಅಪ್ಪನ ಬೆನ್ನಿಗೆ ಸರಿದೆ. ಅವನು ಹಿಂದಿನ ಬಾಗಿಲ ಕಡೆ ತಿರುಗಿ ಕೂಗಿದ. ಶೆಡ್ಡಿನ ಹಿಂದೆಯೇ ಅವರ ಮನೆ. ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಒಬ್ಬ ಹೆಂಗಸು ಬಂದಳು, ಅವ್ವನ ಮುಖ ಹೊತ್ತುಕೊಂಡು. ಅದೇ ಹಣೆ, ಅದೇ ಕೊಂಚ ಬಾಗಿದ ಮೂಗು. ಸ್ವಲ್ಪ ದಪ್ಪ, ಸ್ವಲ್ಪ ವಯಸ್ಸು.

ಆಕೆ ಅಪ್ಪನನ್ನು ನೋಡಿದಳು, ಪಕ್ಕದಲ್ಲಿ ಅವ್ವ ಇಲ್ಲದ್ದನ್ನು ನೋಡಿದಳು, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಪಮ್ಮಿಗೆ ಏನಾತ್ರೀ? ಅಕಿ... ಇದ್ದಾಳಲ್ರೀ?"

ಪಮ್ಮಿ ಎಂದರೆ ಅವ್ವ, ತವರಿನವರು ಕರೆಯುತ್ತಿದ್ದ ಹೆಸರು. ಅಷ್ಟು ವರ್ಷ ಆ ಮನೆಗೆ ನಮ್ಮ ಕಡೆಯಿಂದ ಒಬ್ಬರೂ ಬಂದಿರಲಿಲ್ಲ. ಬಂದರೆ ಅದು ಸಾವಿನ ಸುದ್ದಿಗೇ ಎಂದು ಆಕೆ ನಂಬಿದ್ದಳು. ಅಪ್ಪ, "ಆರಾಮ ಇದ್ದಾಳ್ರಿ, ಆರಾಮ ಇದ್ದಾಳ" ಎಂದು ಎರಡೆರಡು ಸಲ ಹೇಳಿದರು.

ಆಕೆ ಅವ್ವನ ಅಕ್ಕ, ನನ್ನ ದೊಡ್ಡವ್ವ. ಗದಗಿನ ಹತ್ತಿ ಗಿರಣಿಗೆ ಯಂತ್ರ ಕೂಡಿಸಲು ಬಂದ ಸಾಂಬಶಿವರಾವ್ ಅವರನ್ನು ಮೆಚ್ಚಿ ಮನೆ ಬಿಟ್ಟವಳು. ಮಗಳು ಜ್ವರ ಬಂದು ತೀರಿಕೊಂಡಳು ಎಂದು ಅವಳ ಅಪ್ಪ ಊರಿಗೆಲ್ಲ ಹೇಳಿದ್ದರು. ತಂಗಿಯನ್ನು ನೋಡಲು ಬಂದ ನಮ್ಮಪ್ಪನಿಗೂ ಅದನ್ನೇ ಹೇಳಿದ್ದರು. ಮದುವೆಯ ಹಿಂದಿನ ದಿನ ಅವ್ವನ ಕೈಯನ್ನು ದೇವರ ದೀಪದ ಮೇಲೆ ಹಿಡಿದು, ಅಕ್ಕನಿಗೆ ಒಂದು ಅಕ್ಷರ ಬರೆಯುವುದಿಲ್ಲ, ಅವಳೊಂದಿಗೆ ಒಂದು ಮಾತು ಆಡುವುದಿಲ್ಲ, ಗಂಡನಿಗೆ ಅವಳ ವಿಷಯ ಹೇಳುವುದಿಲ್ಲ ಎಂದು ಆಣೆ ಮಾಡಿಸಿದ್ದರು. "ಅಕಿ ಆಣೀ ಮುರದಿಲ್ರೀ. ಒಂದ ಅಕ್ಷರ ಬರದಿಲ್ಲ, ಕವರಿನ ಮ್ಯಾಲೂ ನಮ್ಮನಿಯವರ ಹೆಸರು. ಹಿಂದ ನಾ ತವರಿಗೆ ಬರದ ಪತ್ರದಾಗಿನ ವಿಳಾಸ ಇಟ್ಟುಕೊಂಡಿರಬೇಕು" ಎಂದಳು ದೊಡ್ಡವ್ವ. "ಮೊದಲನೇ ಫೋಟೋದಾಗ ಕೊಂಬಿ ಹಿಡಿದ ಕೈ ಇತ್ತು. ಮಣಿಕಟ್ಟಿನ ಮ್ಯಾಲ ಬೆಲ್ಲದ ಪಾಕ ಸಿಡಿದ ಕಲಿ. ಸಣ್ಣಾಕಿ ಇದ್ದಾಗ ನನ್ನ ಕೈಲೇ ಸಿಡಿದಿದ್ದು. ಆಕಿ ಬರೀಲಿಲ್ಲ, ಅದಕ್ಕ ನಾನೂ ಬರೀಲಿಲ್ಲ. ಕವರಿನ ಹಿಂದಿನ ವಿಳಾಸಕ್ಕ ಬೀಜಾ ಕಳಿಸಿದೆ."

ಆಮೇಲೆ ನನ್ನನ್ನು ಒಳಗೆ ಕರೆದೊಯ್ದಳು. ನಡುಮನೆಯ ಒಂದು ಗೋಡೆ ತುಂಬ ನಮ್ಮ ಅಂಗಳವಿತ್ತು. ಸಾಲು ಸಾಲಾಗಿ, ಋತುವಿಗೆ ಹನ್ನೆರಡರಂತೆ. ನಾನು ಹತ್ತಿರ ಹೋದೆ. ದಾಸವಾಳದ ಹಿಂದೆ, ಮಸುಕಾಗಿ, ಶಾಲೆಯ ಚೀಲ ಹೊತ್ತ ಒಂದು ಹುಡುಗಿ. ಚೆಂಡು ಹೂವಿನ ಮೂಲೆಯಲ್ಲಿ ಅವಳ ಎರಡು ಜಡೆ. ತುಫಾನಿಗೆ ಮುರಿದ ಕೊಂಬೆಯಾಚೆ ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತವಳೂ ಅವಳೇ. ಮುಂಜಾನೆ ಅವ್ವ ಕಾಯುತ್ತಿದ್ದದ್ದು ಬಿಸಿಲಿಗಲ್ಲ. ನಾನು ಆ ಕಡೆ ಹಾದು ಹೋಗುವುದಕ್ಕೆ. ದೊಡ್ಡವ್ವ ನನ್ನ ನೆತ್ತಿಯ ಮೇಲೆ ಕೈಯಿಟ್ಟು, "ನೀ ಎಷ್ಟೆತ್ತರ ಆದಿ ಅಂತ ಇದರಾಗ ನೋಡ್ಕೋತ ಬಂದೀನಿ" ಎಂದಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಬ್ಯಾಂಕಿನ ಕೆಲಸವಿತ್ತು, ಹಾಗೇ ನೋಡಿ ಹೋಗೋಣ ಎಂದು ಬಂದೆವು ಎಂದು ಅಪ್ಪ ಹೊರಗೆ ಹೇಳುತ್ತಿದ್ದರು. ದೊಡ್ಡವ್ವ ನಂಬಿದಳೋ ಇಲ್ಲವೋ. ಹೊರಡುವಾಗ ಬೀಜದ ಪೊಟ್ಟಣವನ್ನು ಅಂಚೆಗೆ ಹಾಕದೆ ಅಪ್ಪನ ಕೈಗೇ ಕೊಟ್ಟಳು.

ಮನೆಗೆ ಬಂದು ಅಪ್ಪ ಆ ಪೊಟ್ಟಣವನ್ನು ಅವ್ವನ ಮುಂದೆ ಇಟ್ಟರು. ಅವ್ವ ಅದನ್ನು ಮುಟ್ಟಲಿಲ್ಲ. ಗಂಡ ಅಲ್ಲಿಗೆ ಯಾಕೆ ಹೋಗಿರಬಹುದು, ಏನನ್ನು ಹುಡುಕಿಕೊಂಡು ಹೋಗಿರಬಹುದು ಎಂಬುದು ಆಕೆಯ ಮುಖದ ಮೇಲೆ ಮೆಲ್ಲಗೆ ಇಳಿಯಿತು.

"ಯಾರು ಹೇಳಿದ್ರು ನಿಮಗ?"

ದೇವರ ಮನೆಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಒಂದು ಸಲ ನನ್ನನ್ನು ನೋಡಿದಳು.

"ನಾನ ಹೇಳಿದೆ" ಎಂದಳು. "ಮನಿತನದ ಮರ್ಯಾದಿ ನೋಡಬೇಕಲ್ಲ."

ಅವ್ವ ಆಕೆಯತ್ತ ತಿರುಗಿ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಮರುದಿನ ಆ ಬೀಜಗಳನ್ನು ಬಿತ್ತಿದಳು, ಅವು ಅರಳಿದವು. ಆದರೆ ಕ್ಯಾಮೆರಾ ಹೊರಗೆ ಬರಲಿಲ್ಲ. ಮುಂದಿನ ಮಲ್ಲಿಗೆ ಬಂತು, ಹೋಯಿತು; ಶಂಖಪುಷ್ಪ ಬೇಲಿ ತುಂಬಿತು; ಅವ್ವ ನೀರು ಹಾಕಿ ಒಳಗೆ ಬರುವಳು. ಅಜ್ಜಿಗೆ ಊಟ ಬಡಿಸುವಳು, ಔಷಧಿ ಕೊಡುವಳು, ಸೀರೆ ಒಗೆಯುವಳು. ಮಾತು ಮಾತ್ರ ಇಲ್ಲ.

ಮರುವರ್ಷ ಅಪ್ಪ ವಿಜಯವಾಡಕ್ಕೆ ವರ್ಗ ಕೇಳಿ ಪಡೆದರು. ಆ ಬಿಸಿಲಿಗೆ ಹೆದರಿ ಯಾರೂ ಕೇಳದ ಊರು ಅದು. "ಆಣಿ ನಿನ್ನದು, ನಿಮ್ಮಕ್ಕಂದಲ್ಲ. ಆಕಿ ನಮ್ಮನಿಗೆ ಬರಬಹುದು, ಮಾತಾಡಬಹುದು. ನೀ ಸುಮ್ನ ಕೂತ ಕೇಳು" ಎಂದರು ಅವ್ವನಿಗೆ. ಕ್ಷಮೆ ಕೇಳುವ ಬೇರೆ ದಾರಿ ಅವರಿಗೆ ತಿಳಿದಿರಲಿಲ್ಲ. ಹೊಸ ಮನೆ ಮಹಡಿಯ ಮೇಲೆ. ಒಂದು ಅಂಗೈ ಮಣ್ಣಿಲ್ಲ. ದೊಡ್ಡವ್ವ ಮೊದಲ ಸಲ ಬಂದಾಗ ಇಡೀ ಮಧ್ಯಾಹ್ನ ಆಕೆಯೊಬ್ಬಳೇ ಮಾತಾಡಿದಳು, ಅರ್ಧ ಕನ್ನಡ, ಅರ್ಧ ತೆಲುಗು. ಅವ್ವ ಎದುರು ಕೂತು ಕಣ್ಣೀರು ಒರೆಸಿಕೊಳ್ಳುತ್ತ ಕೇಳಿದಳು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಚಹಾ ಸೋಸುತ್ತ, ಯಾವ ಯೋಚನೆಯಲ್ಲಿದ್ದಳೋ, "ಅಕ್ಕಾ, ಸಕ್ಕರಿ ಸಾಕೇನ?" ಎಂದುಬಿಟ್ಟಳು. ದೊಡ್ಡವ್ವ ಲೋಟವನ್ನು ಮುಂದೆ ಸರಿಸಿ, "ಇನ್ನೊಂದು ಚಮಚಾ ಹಾಕು" ಎಂದಳು.

ಅಜ್ಜಿ ಆ ಮನೆಯಲ್ಲಿ ನಾಲ್ಕು ಬೇಸಿಗೆ ಕಳೆದಳು. ಕೊನೆಯ ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ಒದ್ದೆ ಟವಲ್ಲಿನಿಂದ ಆಕೆಯ ಕಾಲು ಒರೆಸುತ್ತ, ಅವ್ವನಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ನನಗಾಗ ಹದಿನಾರು. ಅಜ್ಜಿ ಕಣ್ಣು ತೆರೆಯದೆ ನನ್ನ ಕೈ ಹಿಡಿದಳು.

"ಸುಮ್ನಿರು. ಅತ್ತಿ ಮ್ಯಾಲ ಸಿಟ್ಟ ಇಟ್ಟುಕೊಂಡು ನಿಮ್ಮವ್ವ ಬದುಕತಾಳ. ಮಗಳ ಮ್ಯಾಲ ಇಟ್ಟುಕೊಂಡು ಹ್ಯಾಂಗ ಬದುಕ್ಯಾಳು?"

ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದರಲ್ಲಿ ಅಜ್ಜಿಯ ಮಾತಿಗೆ ಕೊಟ್ಟ ಬೆಲೆ ಎಷ್ಟು, ನನ್ನ ಹೇಡಿತನ ಎಷ್ಟು, ನನಗೆ ಗೊತ್ತಿಲ್ಲ. ಮಳೆ ಬೀಳುವ ಮೊದಲೇ ಅಜ್ಜಿ ಹೋದಳು. ಅವ್ವ ಎಲ್ಲವನ್ನೂ ಲೋಪವಿಲ್ಲದೆ ಮಾಡಿದಳು, ಅಳಲಿಲ್ಲ.

ಅಪ್ಪನೂ ದೊಡ್ಡವ್ವನೂ ತೀರಿಕೊಂಡ ಮೇಲೆ, ಅವ್ವ ನನ್ನ ಬಳಿ ಇದ್ದ ಕೊನೆಯ ವರ್ಷಗಳಲ್ಲಿ ಒಂದು ದಿನ ನಾನು ಹೇಳಿದೆ. ಅಜ್ಜಿಯ ಶ್ರಾದ್ಧದ ದಿನ. ಅಡಿಗೆಗೆ ಮೊದಲು ತರಕಾರಿ ಹೆಚ್ಚುತ್ತ ಕೂತಿದ್ದೆವು. ಫ್ರಾಕು, ಸೇವಂತಿಗೆ, ಅಪ್ಪನ ಶೂ, ಬಾಗಿಲಲ್ಲಿ ಅಜ್ಜಿ ಆಡಿದ ಮಾತು, ಎಲ್ಲವನ್ನೂ ಹೇಳಿದೆ. ಅವ್ವ ಬಯ್ಯಲಿಲ್ಲ. ಚಾಕು ಕೆಳಗಿಟ್ಟಳು. ಆಮೇಲೆ ಎದ್ದು, ಮುಖ ತೊಳೆದು, ಚಪ್ಪಲಿ ಮೆಟ್ಟಿಕೊಂಡಳು. ಹೂವಿನ ಅಂಗಡಿಗೆ ಹೋಗಿ ಬರೋಣ ಎಂದಳು.

ಬಾಗಿಲ ತನಕ ಹೋದವಳು ನಿಂತು ಕೇಳಿದಳು: "ಅತ್ತಿಯವರಿಗೆ ಯಾವ ಹೂವು ಸೇರ್ತಿತ್ತು, ಶಾಲಿ?"

ಅಜ್ಜ ಹೋದ ಮೇಲೆ ಅಜ್ಜಿ ಹೂ ಮುಡಿದವಳಲ್ಲ. ಅಷ್ಟು ಹೂವು ಅರಳಿದ ಮನೆಯಲ್ಲಿ ಅಷ್ಟು ವರ್ಷ ಬದುಕಿದವಳನ್ನು ಆ ಮಾತು ಒಂದು ದಿನವೂ ನಾವು ಯಾರೂ ಕೇಳಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಅವ್ವ ತಲೆಯಾಡಿಸಿ, ಅಂಗಡಿಯಲ್ಲಿ ಬುಟ್ಟಿಯಿಂದ ಬುಟ್ಟಿಗೆ ಕೈಯಾಡಿಸುತ್ತ ಬಹಳ ಹೊತ್ತು ನಿಂತು, ಕೊನೆಗೆ ಎಲ್ಲದರಿಂದಲೂ ಒಂದೊಂದು ಹಿಡಿ ತೆಗೆದುಕೊಂಡಳು.